ಇಂಟರ್‌ವ್ಯೂಗೆ ಬೆಂಗಳೂರಿಗೆ ಹೊರಟಿದ್ದೀರಾ? ಬಟ್ಟೆ ವಿಷಯ ಹೀಗೆ ನೋಡಿಕೊಳ್ಳಿ

ಮೊದಲ ಇಂಟರ್‌ವ್ಯೂ ಅಂದ ಕೂಡಲೇ ಕೋಟು ಹೊಲಿಸೋಣ ಅಂತ ಮನೆಯಲ್ಲಿ ಒಬ್ಬರು, ಟೈ ಇರಲಿ ಅಂತ ಇನ್ನೊಬ್ಬರು. ಐಟಿ ಕೆಲಸಕ್ಕಾದರೆ ಎರಡೂ ಬೇಡ. ಎಷ್ಟೋ ಕಡೆ ಪ್ರಶ್ನೆ ಕೇಳುವವರೇ ಟೀ ಶರ್ಟ್‌ನಲ್ಲಿ ಕೂತಿರುತ್ತಾರೆ. ಹಾಗಂತ ನೀವೂ ಟೀ ಶರ್ಟ್ ಹಾಕಬೇಡಿ, ಅವರಿಗೆ ಆಗಲೇ ಕೆಲಸ ಸಿಕ್ಕಿದೆ ಅಲ್ವಾ! ಬ್ಯಾಂಕು, ದೊಡ್ಡ ಹೋಟೆಲ್, ಸೇಲ್ಸ್ ಕೆಲಸಕ್ಕೆ ಟೈ ಒಪ್ಪುತ್ತದೆ. ಅನುಮಾನವಿದ್ದರೆ ಫೋನ್ ಮಾಡಿದ ಎಚ್‌ಆರ್ ಅವರನ್ನೇ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ.

ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಟೈಲರ್‌ಗೆ ಕೊಡಿ. ಮೈಮೇಲೆ ದೊಗಳೆಯಾಗಿ ಜೋಲುವ ಬ್ರ್ಯಾಂಡೆಡ್ ಶರ್ಟಿಗಿಂತ ಅಳತೆಗೆ ಸರಿಯಾಗಿ ಕೂರುವ ಸಾದಾ ಶರ್ಟೇ ಮೇಲು. ಭುಜದ ಹೊಲಿಗೆ ಭುಜದ ಮೂಳೆಯ ತುದಿಗೇ ಬರಬೇಕು, ತೋಳಿನ ಮೇಲೆ ಇಳಿಯಬಾರದು. ಕಾಲರ್ ಗುಂಡಿ ಹಾಕಿದ ಮೇಲೂ ಒಳಗೆ ಎರಡು ಬೆರಳು ಹಿಡಿಯಬೇಕು. ಸೊಂಟ, ತೋಳಿನ ಉದ್ದ, ಪ್ಯಾಂಟಿನ ಉದ್ದ ಇವನ್ನೆಲ್ಲ ಆಮೇಲೆ ಆಲ್ಟರ್ ಮಾಡಿಸಬಹುದು, ಭುಜ ಮಾತ್ರ ಕಷ್ಟ, ಹಾಗಾಗಿ ಅಂಗಡಿಯಲ್ಲೇ ಹಾಕಿ ನೋಡಿ ತಗೊಳ್ಳಿ. ಬಿಳಿ ಅಥವಾ ತಿಳಿನೀಲಿ ಶರ್ಟು, ಕಡುನೀಲಿ ಅಥವಾ ಕಪ್ಪು ಪ್ಯಾಂಟು ಸಾಕು. ಬೂದು ಬಣ್ಣದ ಶರ್ಟಿನಲ್ಲಿ ಬೆವರು ಎದ್ದು ಕಾಣುತ್ತದೆ.

ಹೊಸ ಶರ್ಟನ್ನು ಪ್ಯಾಕೆಟ್‌ನಿಂದ ತೆಗೆದು ನೇರ ಹಾಕಿಕೊಂಡರೆ ಎದೆ ಮೇಲೆ ಮಡಿಕೆ ಗೆರೆಗಳು ಹಾಗೇ ಕಾಣುತ್ತವೆ. ಒಂದು ಸಲ ಒಗೆದು ಇಸ್ತ್ರಿ ಮಾಡಿಸಿ. ಹಾಕಿಕೊಂಡು ಕನ್ನಡಿ ಮುಂದೆ ನಿಂತರಷ್ಟೇ ಸಾಲದು, ಕುರ್ಚಿ ಮೇಲೆ ಕೂತು ನೋಡಿ. ಹೊಟ್ಟೆ ಹತ್ತಿರ ಗುಂಡಿಗಳ ನಡುವೆ ಬಾಯಿ ಬಿಡುತ್ತದಾ? ಹಾಗಾದರೆ ಆ ಶರ್ಟು ಬೇಡ.

ಹುಬ್ಬಳ್ಳಿಯಿಂದಲೋ ರಾಯಚೂರಿನಿಂದಲೋ ರಾತ್ರಿ ಬಸ್ಸಿಗೆ ಬರುವವರು ಇಂಟರ್‌ವ್ಯೂ ಬಟ್ಟೆ ಹಾಕಿಕೊಂಡೇ ಹತ್ತಬೇಡಿ. ಶರ್ಟನ್ನು ಹ್ಯಾಂಗರ್ ಸಮೇತ ಕವರ್‌ನಲ್ಲಿ ತನ್ನಿ, ಇಲ್ಲವೇ ಒಂದು ಟವೆಲ್ ಮೇಲೆ ಹಾಸಿ ಸುರುಳಿ ಸುತ್ತಿ, ಸುಕ್ಕು ಕಡಿಮೆ. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಮುಖ ತೊಳೆದು ಅಲ್ಲೇ ಬಟ್ಟೆ ಬದಲಾಯಿಸುವುದಕ್ಕಿಂತ ಫ್ರೆಂಡ್ ರೂಮಿಗೆ ಹೋಗಿ ಸ್ನಾನ ಮಾಡಿ ಹೊರಡುವುದು ಒಳ್ಳೆಯದು. ವೈಟ್‌ಫೀಲ್ಡ್ ಕಡೆಗಾದರೆ ನೇರಳೆ ಮಾರ್ಗದ ಮೆಟ್ರೋ ಇದೆ, ಬೈಕಲ್ಲಿ ಹೋಗಿ ಹೆಲ್ಮೆಟ್‌ನಿಂದ ಕೂದಲು ಕೆಡಿಸಿಕೊಳ್ಳಬೇಡಿ. ಮಳೆಗಾಲದಲ್ಲಿ ಇನ್ನೊಂದು ಜೊತೆ ಸಾಕ್ಸ್ ಬ್ಯಾಗಲ್ಲಿರಲಿ.

ಶೂ ಹೊಸದಾದರೆ ಕಚ್ಚುತ್ತದೆ, ಮನೆಯಲ್ಲೇ ಕೆಲವು ದಿನ ಹಾಕಿ ಓಡಾಡಿ. ಬೆಲ್ಟು ಶೂ ಬಣ್ಣದ್ದೇ ಆಗಿರಲಿ. ಫಾರ್ಮಲ್ ಪ್ಯಾಂಟಿನ ಕೆಳಗೆ ಬಿಳಿ ಸ್ಪೋರ್ಟ್ಸ್ ಸಾಕ್ಸ್ ಮಾತ್ರ ದಯವಿಟ್ಟು ಬೇಡ.

ಹುಡುಗಿಯರಿಗೆ ಆಯ್ಕೆ ಜಾಸ್ತಿ, ಗೊಂದಲವೂ ಜಾಸ್ತಿ. ಶರ್ಟು ಪ್ಯಾಂಟೇ ಆಗಬೇಕು ಅಂತೇನಿಲ್ಲ. ನೆಟ್ಟಗೆ ನಿಲ್ಲುವ ಕಾಟನ್ ಕುರ್ತಾ ಎಲ್ಲಾ ಕಡೆ ನಡೆಯುತ್ತದೆ. ದುಪಟ್ಟಾ ಇದ್ದರೆ ಪಿನ್ ಹಾಕಿ, ಇಲ್ಲದಿದ್ದರೆ ಅರ್ಧ ಇಂಟರ್‌ವ್ಯೂ ಅದನ್ನು ಸರಿಮಾಡುವುದರಲ್ಲೇ ಹೋಗುತ್ತದೆ. ಸೀರೆ ಉಟ್ಟು ಅಭ್ಯಾಸವಿದ್ದವರು ಧಾರಾಳವಾಗಿ ಉಡಿ, ಅವತ್ತೇ ಮೊದಲ ಸಲ ಬೇಡ. ಬಳೆ ಮೇಜಿಗೆ ತಾಗಿ ಸದ್ದು ಮಾಡುತ್ತದೆ, ಕಡಿಮೆ ಹಾಕಿ. ಕುಂಕುಮ, ವಿಭೂತಿ, ಹಿಜಾಬ್ ತೆಗೆದೇ ಹೋಗಬೇಕು ಅಂತ ಯಾರಾದರೂ ಸುಮ್ನೆ ಹೇಳಿದರೆ ಕೇಳಬೇಡಿ.

ಸೆಂಟ್ ವಿಷಯದಲ್ಲಿ ಕೈ ಹಿಡಿತ ಇರಲಿ, ಎಸಿ ರೂಮು ಚಿಕ್ಕದಿರುತ್ತದೆ.

ಆನ್‌ಲೈನ್ ಇಂಟರ್‌ವ್ಯೂ ಆದರೆ ಸಣ್ಣ ಗೆರೆ, ಸಣ್ಣ ಚೌಕುಳಿಯ ಶರ್ಟು ಬೇಡ, ಕ್ಯಾಮೆರಾದಲ್ಲಿ ಅದು ಅಲೆಅಲೆಯಾಗಿ ಮಿನುಗುತ್ತದೆ. ಹಿಂದೆ ಬಿಳಿ ಗೋಡೆ ಇದ್ದರೆ ಬಿಳಿ ಶರ್ಟು ಬಿಟ್ಟು ನೀಲಿ ಹಾಕಿ. ಹಿಂದಿನ ದಿನ ಅದೇ ಹೊತ್ತಿಗೆ, ಅದೇ ಬೆಳಕಲ್ಲಿ ಫ್ರೆಂಡ್‌ಗೊಂದು ವಿಡಿಯೋ ಕಾಲ್ ಮಾಡಿ ಹೇಗೆ ಕಾಣುತ್ತೆ ಅಂತ ಕೇಳಿ.