ಬಾಂಡಿಗೆ ಸಹಿ ಹಾಕಿಕೊಟ್ಟ ಮೇಲೂ ಬೆರಳಿನ ಪರಿಹಾರ ವಸೂಲಾದದ್ದು: ನನ್ನ ಅನುಭವ

ಶಿರಸಿಯ ಸಾಮಿಲ್ಲುಗಳಲ್ಲಿ ಕೆಲಸ ಮಾಡುವವರಿಗೆ, ಮಿಲ್ಲಿನ ಗರಗಸಕ್ಕೆ ಎರಡು ಬೆರಳು ಕಳೆದುಕೊಂಡ ನನ್ನ ಪ್ರಕರಣ ಗೊತ್ತಿದೆ. ಆದರೆ ಅದು ಗೆದ್ದದ್ದು ಹೇಗೆ ಎಂಬುದರ ಬಗ್ಗೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಿರುವುದರಿಂದ ನಾನೇ ಬರೆಯುವುದು ಒಳ್ಳೆಯದೆನಿಸಿತು. ನನ್ನ ಬಳಿ ನೇಮಕಾತಿ ಪತ್ರ ಇರಲಿಲ್ಲ, ಮಿಲ್ಲಿನಲ್ಲಿ ಹಾಜರಿ ಪುಸ್ತಕ ಇರಲಿಲ್ಲ, ಮೇಲಾಗಿ ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡೇ ‘ಪೂರ್ಣ ಪರಿಹಾರ ತಲುಪಿದೆ’ ಎಂಬ ಬಾಂಡ್ ಪೇಪರಿಗೆ ಸಹಿ ಹಾಕಿ ಕೊಟ್ಟಿದ್ದೆ. ಜೊತೆಗಾರರೆಲ್ಲರ ಮಾತು ಒಂದೇ ಆಗಿತ್ತು: “ಸೈ ಮಾಡಿ ಕೊಟ್ಯಲ್ಲ ಮಾರಾಯಾ, ಇನ್ನೆಂತದು ಸಿಗ್ತದೆ ನಿಂಗೆ?” ಸಿಕ್ಕಿತು. ತಡವಾಗಿ ಸಿಕ್ಕಿತು, ಕೇಳಿದ್ದೆಲ್ಲ ಸಿಗಲಿಲ್ಲ, ಆದರೆ ಮಾಲಕರು ಮೊದಲು ಕೊಡುತ್ತೇನೆಂದದ್ದಕ್ಕಿಂತ ಮೂವತ್ತು ಪಟ್ಟಿಗೂ ಹೆಚ್ಚು ಸಿಕ್ಕಿತು.

ಅಪಘಾತವಾದದ್ದು 2021ರ ನವೆಂಬರ್ 9ರ ಮಂಗಳವಾರ, ದೀಪಾವಳಿ ಕಳೆದು ನಾಲ್ಕೈದು ದಿನಕ್ಕೆ. ಮತ್ತಿಯ ಹಲಗೆಯಿಂದ ರೀಪು ಎಳೆಯುತ್ತಿದ್ದಾಗ ಮರ ಅಲಗನ್ನು ಕಚ್ಚಿಕೊಂಡು ಹಿಂದಕ್ಕೆ ಒದೆಯಿತು, ಎಡಗೈ ಜಾರಿ ಗರಗಸದ ಮೇಲೆ ಹೋಯಿತು. ಉಂಗುರಬೆರಳು, ಕಿರುಬೆರಳು ಎರಡೂ ಬುಡದಿಂದ ಹೋದವು. ಗರಗಸಕ್ಕೆ ಗಾರ್ಡ್ (ಕೈ ತಗಲದಂತೆ ಅಲಗಿಗೆ ಹಾಕುವ ಮುಚ್ಚಳ) ಇರಲಿಲ್ಲ. ದಪ್ಪ ಮರಕ್ಕೆ ಅಡ್ಡ ಬರುತ್ತದೆಂದು ಅದನ್ನು ಬಿಚ್ಚಿ ಮೂಲೆಗಿಡುವುದು ನಮ್ಮ ಕಸುಬಿನಲ್ಲಿ ಎಲ್ಲ ಕಡೆ ನಡೆಯುವ ಸಂಗತಿಯೇ ಆದ್ದರಿಂದ ಅದನ್ನು ವಿವರಿಸುತ್ತ ಕೂರುವುದಿಲ್ಲ.

ಮೊದಲ ದಿನದ ಎರಡು ಆಸ್ಪತ್ರೆ ಚೀಟಿಗಳೇ ಮುಂದಿನ ಮೂರು ವರ್ಷಗಳನ್ನು ತೀರ್ಮಾನಿಸಿದವು. ಶಿರಸಿಯ ಸರಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಡಾಕ್ಟರು “ಹೇಗಾಯಿತು?” ಎಂದು ಕೇಳಿದಾಗ ಮಿಲ್ಲಿನ ಲೆಕ್ಕ ಬರೆಯುವ ರೈಟರು ಬಾಯಿ ತೆರೆಯುವ ಮೊದಲೇ ನಾನು “ಮಿಲ್ಲಿನ ಗರಗಸಕ್ಕೆ” ಎಂದು ಹೇಳಿದ್ದೆ, ಅದು ಹಾಗೆಯೇ ಎಂ.ಎಲ್.ಸಿ. (ಪೊಲೀಸರಿಗೆ ತಿಳಿಸಬೇಕಾದ ಗಾಯಗಳ) ರಿಜಿಸ್ಟರಿನಲ್ಲಿ ಸಮಯದ ಸಮೇತ ದಾಖಲಾಯಿತು. ಆದರೆ ಅಲ್ಲಿಂದ ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಒಯ್ಯುವಷ್ಟರಲ್ಲಿ ನನಗೆ ಪ್ರಜ್ಞೆ ಇರಲಿಲ್ಲ. ಅಲ್ಲಿಯ ಖಾಸಗಿ ಆಸ್ಪತ್ರೆಯಲ್ಲಿ ಅದೇ ರೈಟರು ‘ಮನೆಯಲ್ಲಿ ಕಟ್ಟಿಗೆ ಸೀಳುವಾಗ’ ಎಂದು ಬರೆಸಿಬಿಟ್ಟರು. ಡಿಸ್ಚಾರ್ಜ್ ಸಾರಾಂಶದಲ್ಲಿ ಆ ಸಾಲನ್ನು ನಾನು ಓದಿದ್ದು ಎರಡು ತಿಂಗಳ ನಂತರ. ಅದನ್ನು ತಿದ್ದಿಸಲು ಎರಡು ಸಲ ಹುಬ್ಬಳ್ಳಿಗೆ ಹೋಗಿ ಸುಮಾರು ಒಂದು ಸಾವಿರ ರೂಪಾಯಿ ಬಸ್ಸು, ಊಟಕ್ಕೆ ಕಳೆದೆನೇ ಹೊರತು ಕೆಲಸ ಆಗಲಿಲ್ಲ. ಕೊನೆಗೆ ತಿದ್ದಿಸುವ ಯೋಚನೆಯನ್ನೇ ಬಿಟ್ಟು ಶಿರಸಿಯ ಎಂ.ಎಲ್.ಸಿ. ನಕಲನ್ನೂ, ಆಸ್ಪತ್ರೆಯಿಂದ ಪೊಲೀಸ್ ಠಾಣೆಗೆ ಹೋದ ಮಾಹಿತಿಯ ನಕಲನ್ನೂ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಪಡೆದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರು ಮಾಡಿದ ಕೆಲಸವನ್ನು ಸಾವಿರ ರೂಪಾಯಿಯ ಓಡಾಟ ಮಾಡಿರಲಿಲ್ಲ. ಒಂದೇ ದಿನದ ಎರಡು ದಾಖಲೆಗಳಲ್ಲಿ ಮೊದಲಿನದು, ಅದೂ ಗಾಯಾಳು ತಾನೇ ಬಾಯಿಬಿಟ್ಟು ಹೇಳಿದ್ದು, ನ್ಯಾಯಾಲಯದಲ್ಲಿ ಹೆಚ್ಚು ತೂಗಿತು.

ಬಾಂಡಿನ ವಿಷಯಕ್ಕೆ ಬರುತ್ತೇನೆ. ಮೂರನೆಯ ದಿನ ಮಾಲಕರು ಹುಬ್ಬಳ್ಳಿಗೆ ಬಂದು 15,000 ರೂಪಾಯಿಯನ್ನು ನನ್ನ ಹೆಂಡತಿಯ ಕೈಗಿತ್ತು, ನನ್ನ ಅಜಾಗರೂಕತೆಯಿಂದಲೇ ಪೆಟ್ಟಾಯಿತೆಂದೂ ಇನ್ನು ಮುಂದೆ ಯಾವ ತಕರಾರೂ ಇಲ್ಲವೆಂದೂ ಬರೆದಿದ್ದ ನೂರು ರೂಪಾಯಿಯ ಬಾಂಡಿಗೆ ಸಹಿ ಮಾಡಿಸಿಕೊಂಡರು. ಬಲಗೈ ಸರಿಯಾಗಿಯೇ ಇತ್ತಲ್ಲ, ಮಾಡಿದೆ. ನೌಕರರ ಪರಿಹಾರ ಕಾಯ್ದೆ, 1923ರ 17ನೆಯ ಕಲಮಿನ ಪ್ರಕಾರ ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಊರ್ಜಿತವಲ್ಲ. 28ನೆಯ ಕಲಮಿನ ಪ್ರಕಾರ ಮೊತ್ತದ ಬಗ್ಗೆ ಒಪ್ಪಂದವಾಗಿದ್ದರೆ ಅದು ಪರಿಹಾರದ ಪ್ರಕರಣ ತೀರ್ಮಾನಿಸುವ ಆಯುಕ್ತರ ಮುಂದೆ ನೋಂದಣಿಯಾಗಬೇಕು. ಈ ಎರಡು ಕಲಮುಗಳನ್ನು ನನಗೆ ತೋರಿಸಿದ್ದು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕುಳಿತಿದ್ದ ಒಬ್ಬರು ಕಿರಿಯ ವಕೀಲರು. ಅಂದಿನಿಂದ ಆ ಬಾಂಡನ್ನು ನಾನು ಬಚ್ಚಿಡುವ ಬದಲು ನನ್ನ ಅರ್ಜಿಯಲ್ಲಿಯೇ ಬರೆದುಕೊಂಡೆ. ಎದುರಿನವರು ಅದನ್ನು ಹೊರತೆಗೆದು ನನ್ನನ್ನು ಸುಳ್ಳುಗಾರನನ್ನಾಗಿಸುವ ಅವಕಾಶ ಅಲ್ಲಿಗೇ ತಪ್ಪಿತು. ಅಷ್ಟೇ ಅಲ್ಲ, ನೌಕರನೇ ಅಲ್ಲದವನಿಗೆ ಮಾಲಕರು 15,000 ರೂಪಾಯಿ ಯಾಕೆ ಕೊಟ್ಟರು ಎಂಬ ಪ್ರಶ್ನೆ ತಾನಾಗಿ ಹುಟ್ಟಿಕೊಂಡಿತು.

ಈ ತಿಳಿವಳಿಕೆ ಬರುವ ಮೊದಲು ಕಳೆದುಕೊಂಡದ್ದನ್ನೂ ಹೇಳಬೇಕು. 2022ರ ಆರಂಭದಲ್ಲಿ ಒಬ್ಬ ಮಧ್ಯವರ್ತಿ “ಎಲ್ಲ ನಾನೇ ಮಾಡಿಸಿಕೊಡ್ತೇನೆ” ಎಂದು 6,000 ರೂಪಾಯಿ ತೆಗೆದುಕೊಂಡು ಹೋದವನು ಆಮೇಲೆ ಫೋನ್ ಎತ್ತಲಿಲ್ಲ. ನಂತರ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಎರಡು ಬಾರಿ ಕಾರವಾರಕ್ಕೆ ಹೋದೆ. ಪರಿಹಾರದ ಅರ್ಜಿಯನ್ನು ಕಾರ್ಮಿಕ ಇಲಾಖೆಯಲ್ಲಿ ಕೊಡಬೇಕೆಂದು ನಮ್ಮಲ್ಲಿ ಬಹಳ ಮಂದಿ ಇಂದಿಗೂ ತಿಳಿದಿದ್ದಾರೆ. ನನ್ನ ಪ್ರಕರಣದಲ್ಲಿ ಆಯುಕ್ತರ ಅಧಿಕಾರ ಇದ್ದದ್ದು ಸೀನಿಯರ್ ಸಿವಿಲ್ ನ್ಯಾಯಾಧೀಶರಿಗೆ, ಅಂದರೆ ಮನೆಯಿಂದ ಸೈಕಲ್ಲಿನಲ್ಲಿ ಹೋಗಬಹುದಾದ ಶಿರಸಿಯ ಕೋರ್ಟಿನಲ್ಲೇ.

ಮಾಲಕರಿಗೆ ಲಿಖಿತ ನೋಟಿಸನ್ನು ಮಾತ್ರ 2021ರ ಡಿಸೆಂಬರಿನಲ್ಲೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೆ. ದಿನಾಂಕ, ಸಮಯ, ಯಂತ್ರ, ಗಾಯ ಇಷ್ಟೇ ಅದರಲ್ಲಿತ್ತು. ಬೈಗುಳವೂ ಇಲ್ಲ, ಬೇಡಿಕೆಯ ಮೊತ್ತವೂ ಇಲ್ಲ. ಅದು ‘ಸ್ವೀಕರಿಸಲು ನಿರಾಕರಿಸಿದ್ದಾರೆ’ ಎಂಬ ಷರಾದೊಂದಿಗೆ ವಾಪಸು ಬಂದಾಗ ಹೆಂಡತಿ ಒಡೆಯಲು ಹೊರಟಿದ್ದಳು, ನಾನು ತಡೆದೆ. ಒಡೆಯದ ಆ ಲಕೋಟೆಯನ್ನು ನ್ಯಾಯಾಧೀಶರ ಎದುರಿಗೇ ಒಡೆಯಲಾಯಿತು.

ಅರ್ಜಿ 2023ರ ಜನವರಿಯಲ್ಲಿ ಕೊಟ್ಟರೂ ಕಚೇರಿಯ ಆಕ್ಷೇಪಣೆಗಳೊಂದಿಗೆ ಮೂರು ಸಲ ಹಿಂದಿರುಗಿ ಏಪ್ರಿಲ್‌ನಲ್ಲಿ ದಾಖಲಾಯಿತು. ಅಪಘಾತವಾಗಿ ಎರಡು ವರ್ಷದ ಒಳಗೆ ಅರ್ಜಿ ಹಾಕಬೇಕೆಂಬ ಅವಧಿಯಲ್ಲಿ ಆರೇಳು ತಿಂಗಳಷ್ಟೇ ಉಳಿದಿತ್ತು. ನಾವು ಏಳೇ ಜನ ಕೆಲಸಕ್ಕಿದ್ದುದರಿಂದ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಪ್ರಶ್ನೆ ಬರಲಿಲ್ಲ. ಮಾಲಕರ ತಕರಾರು ಮೂರು ಬಗೆಯದಾಗಿತ್ತು: ಇವನು ನಮ್ಮ ನೌಕರನಲ್ಲ, ಆಗಾಗ ಕಟ್ಟಿಗೆ ಮಾರಲು ಬರುತ್ತಿದ್ದವನು; ಗಾರ್ಡ್ ಬಿಚ್ಚಿದ್ದು ಇವನೇ; ಸಂಬಳದ ಲೆಕ್ಕ ಸುಳ್ಳು.

ಸಂಬಳದ ಪುರಾವೆಗೆ ನಾನು ಮೂರು ದಾರಿ ಹಿಡಿದು ನೋಡಿದೆ. ಮೊದಲನೆಯದು ಫೋನಿನ ಸಂಭಾಷಣೆಯ ರೆಕಾರ್ಡಿಂಗ್. ರೈಟರಿಗೆ ಫೋನ್ ಮಾಡಿ ದಿನಗೂಲಿ 650 ಎಂದು ಅವರ ಬಾಯಿಂದಲೇ ಬರಿಸಬೇಕೆಂದು ಇಪ್ಪತ್ತು ನಿಮಿಷ ಮಾತಾಡಿದೆ, ಆದರೆ ಕೇಳಿದರೆ ಅದರಲ್ಲಿ ನನ್ನ ಧ್ವನಿಯೇ ತುಂಬಿದೆ, ಅವರದು ಬರೀ “ಹೂಂ, ಹೂಂ”. ಎರಡನೆಯದು ನಾನು ಬರೆದಿಟ್ಟುಕೊಂಡಿದ್ದ ಡೈರಿ. ಅದನ್ನು ಎದುರಿನ ವಕೀಲರು “ಒಂದೇ ಪೆನ್ನಿನಲ್ಲಿ ಒಂದೇ ದಿನ ಬರೆದದ್ದು” ಎಂದು ತಳ್ಳಿಹಾಕಿದರು, ನಿಜ ಹೇಳಬೇಕೆಂದರೆ ಅದರ ಕೆಲವು ಪುಟಗಳು ಹಾಗೆಯೇ ಇದ್ದವು. ಕೈಹಿಡಿದದ್ದು ಮೂರನೆಯದು. ಕೊರೋನಾ ಲಾಕ್‌ಡೌನ್ ಮುಗಿದ ಮೇಲೆ ವಾರದ ಬಟವಾಡೆಯನ್ನು ಮಾಲಕರ ಮಗ ನನ್ನ ಖಾತೆಗೆ ಫೋನಿನಿಂದಲೇ ಹಾಕುತ್ತಿದ್ದನು. ಫೋನಿನ ಪರದೆಯ ಚಿತ್ರಗಳನ್ನು ಮುದ್ರಿಸಿ ಕೊಟ್ಟರೆ ಆಗಿನ ಸಾಕ್ಷ್ಯ ಕಾಯ್ದೆಯ 65 ಬಿ ಪ್ರಮಾಣಪತ್ರ (ಫೋನ್, ಕಂಪ್ಯೂಟರಿನ ದಾಖಲೆಯ ಜೊತೆ ಕೊಡಬೇಕಾದದ್ದು) ಎಲ್ಲಿ ಎಂದು ಕೇಳುತ್ತಾರೆಂದು ತಿಳಿದಮೇಲೆ ಬ್ಯಾಂಕಿಗೆ ಹೋಗಿ ಮೊಹರು ಹಾಕಿ ದೃಢೀಕರಿಸಿದ ಖಾತೆಯ ವಿವರವನ್ನೇ ತಂದೆ.

ಅದರಲ್ಲಿ ಪ್ರತಿ ಶನಿವಾರ 3,900 ರೂಪಾಯಿ ಜಮೆಯಾಗಿತ್ತು. ಅದು ಕಟ್ಟಿಗೆಯ ಹಣ ಎಂದು ಮಾಲಕರು ಹೇಳಿದರು. ನಾನು ವಕೀಲರನ್ನು ಇಟ್ಟುಕೊಂಡಿರಲಿಲ್ಲ, ಸೇವಾ ಸಮಿತಿಯವರು ಅರ್ಜಿಯನ್ನು ತಿದ್ದಿಕೊಟ್ಟಿದ್ದರಷ್ಟೆ, ಪಾಟೀ ಸವಾಲನ್ನು ನಾನೇ ಮಾಡಿದೆ. ಏಳನೆಯ ತರಗತಿಗೆ ಶಾಲೆ ಬಿಟ್ಟವನು ಎಂಬುದನ್ನು ಇಲ್ಲಿ ಸ್ವಲ್ಪ ಹೆಮ್ಮೆಯಿಂದಲೇ ಸೇರಿಸುತ್ತೇನೆ. 2021ರ ಸೆಪ್ಟೆಂಬರ್ 11ರ ಶನಿವಾರ ಮಾತ್ರ 3,250 ಏಕೆ ಬಂದಿದೆ ಎಂದು ಕೇಳಿದೆ. ಅವರು ಆ ವಾರ ಕಟ್ಟಿಗೆ ಕಡಿಮೆ ಬಂದಿತ್ತು ಎಂದರು. ಹಿಂದಿನ ದಿನ, ಶುಕ್ರವಾರ, ಚೌತಿ. ಮಿಲ್ಲು ಬಂದಾಗಿತ್ತು. 3,900ರಲ್ಲಿ ಒಂದು ದಿನದ 650 ಕಳೆದರೆ 3,250. ನ್ಯಾಯಾಧೀಶರು ತಾವೇ ಲೆಕ್ಕ ಹಾಕಿ ಬರೆದುಕೊಂಡದ್ದನ್ನು ನೋಡಿದಾಗಲೇ ನನ್ನ ಎದೆ ಹಗುರವಾಯಿತು. ಆ ಪ್ರಶ್ನೆಗೆ ಮೊದಲು ಇನ್ನೆರಡು ಪ್ರಶ್ನೆಗಳನ್ನು ಕೇಳಿ ಅವರು ಹಿಂದೆ ಸರಿಯದಂತೆ ಮಾಡಿದ್ದೆ. ಆ ಪ್ರಶ್ನೆಗಳನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಜೊತೆಗಾರನೊಬ್ಬನ ಪ್ರಕರಣ ಇನ್ನೂ ಬಾಕಿಯಿದೆ.

ಗಾರ್ಡಿನ ತಕರಾರು ಹೆಚ್ಚು ಅಪಾಯದ್ದಾಗಿತ್ತು. ರಕ್ಷಣೆಗೆಂದು ಕೊಟ್ಟ ಸಾಧನವನ್ನು ನೌಕರ ಬೇಕೆಂದೇ ತೆಗೆದುಹಾಕಿ ಗಾಯ ಮಾಡಿಕೊಂಡಿದ್ದರೆ, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆಗದ ಹೊರತು, ಮಾಲಕರು ಹೊಣೆಯಿಂದ ತಪ್ಪಿಸಿಕೊಳ್ಳಬಹುದು. ನನ್ನನ್ನು ಉಳಿಸಿದ್ದು ಆ ವರ್ಷದ ಆಯುಧಪೂಜೆಯ ಫೋಟೋ. ಮಾಲಕರ ಮನೆಯವರೇ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡಿದ್ದ ಅದರಲ್ಲಿ ಗರಗಸಕ್ಕೆ ಚೆಂಡುಹೂವಿನ ಮಾಲೆ ಹಾಕಿದೆ, ಮಾಲಕರು ಆರತಿ ತಟ್ಟೆ ಹಿಡಿದಿದ್ದಾರೆ, ಪಕ್ಕದಲ್ಲಿ ನಾನು ನಿಂತಿದ್ದೇನೆ, ಗಾರ್ಡ್ ಇಲ್ಲ. ಅಪಘಾತಕ್ಕೆ ಇಪ್ಪತ್ತಾರು ದಿನ ಮುಂಚೆಯೇ ಗಾರ್ಡಿಲ್ಲದ ಗರಗಸಕ್ಕೆ ಪೂಜೆ ಮಾಡಿದವರು ಅದನ್ನು ನೋಡಿಲ್ಲ ಎನ್ನುವಂತಿರಲಿಲ್ಲ. ಅದು ನನ್ನ ಕೈಸೇರಿದ ಬಗೆಯನ್ನೂ, ರೈಟರ ಲೆಕ್ಕದ ಪುಸ್ತಕದ ಒಂದು ಹಾಳೆ ನ್ಯಾಯಾಲಯಕ್ಕೆ ಬಂದ ಬಗೆಯನ್ನೂ ಬಿಡಿಸಿ ಹೇಳಿದರೆ ಕೆಲವರಿಗೆ ತೊಂದರೆಯಾದೀತು.

ಮಧ್ಯದಲ್ಲಿ ಅತಿಯಾಸೆಯಿಂದ ಒಂದು ಪ್ರಯೋಗ ಮಾಡಿ ಎರಡು ತಾರೀಖು ಹಾಳುಮಾಡಿಕೊಂಡೆ. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ ಎಡಗೈ ಮೊಣಕೈಗಿಂತ ಮೇಲೆ ಹೋಗಿದ್ದ ಬಡಗಿಯೊಬ್ಬನಿಗೆ ಒಂದೇ ಕೈಯಲ್ಲಿ ಬಡಗಿ ಕೆಲಸ ಸಾಧ್ಯವಿಲ್ಲವೆಂದು ದುಡಿಯುವ ಶಕ್ತಿ ನೂರಕ್ಕೆ ನೂರು ನಷ್ಟವೆಂದು ಒಪ್ಪಿದ್ದನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದಿದೆ. ನಾನೂ ಅದೇ ಕಸುಬಿನವನು, ನನಗೂ ನೂರು ಕೊಡಿ ಎಂದು ಕೇಳಿದೆ. ಆದರೆ ಆ ಹೊತ್ತಿಗೆ ಇನ್ನೊಂದು ಮಿಲ್ಲಿನಲ್ಲಿ 450 ರೂಪಾಯಿಗೆ ಹೆಲ್ಪರ್ ಆಗಿ ದುಡಿಯುತ್ತಿದ್ದೇನೆಂದು ನಾನೇ ಪ್ರಮಾಣಪತ್ರದಲ್ಲಿ ಹೇಳಿಯಾಗಿತ್ತು. ವಾದ ಬಿತ್ತು. ಆದರೂ ಆ ತೀರ್ಪು ಪೂರ್ತಿ ವ್ಯರ್ಥವಾಗಲಿಲ್ಲ. ಪರಿಹಾರ ಕೊಡುವ ಹೊಣೆ ಅಪಘಾತದ ದಿನದಿಂದಲೇ ಹುಟ್ಟುತ್ತದೆ ಎಂಬ ಅದರ ಮಾತು ಬಡ್ಡಿಯ ಲೆಕ್ಕಕ್ಕೆ ಒದಗಿತು.

ದುಡಿಯುವ ಶಕ್ತಿ ಎಷ್ಟು ಹೋಯಿತೆಂಬ ಶೇಕಡಾವಾರಿನ ಜಗಳವೇ ದೊಡ್ಡ ಹಣದ್ದು. ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಉಂಗುರಬೆರಳು ಅಥವಾ ಕಿರುಬೆರಳು ಪೂರ್ತಿ ಹೋದರೆ ಶೇ. 7 ಎಂದಿದೆ. ಆದ್ದರಿಂದ ಏಳು ಕೂಡಿಸು ಏಳು, ಹದಿನಾಲ್ಕು ಎಂದು ಎದುರಿನ ವಕೀಲರು ವಾದಿಸಿದರು. ಅದೇ ಅನುಸೂಚಿಯಲ್ಲಿ ‘ಒಂದು ಕೈಯ ಎರಡು ಬೆರಳುಗಳ ನಷ್ಟ’ಕ್ಕೆ ಪ್ರತ್ಯೇಕವಾಗಿ ಶೇ. 20 ಎಂದಿರುವುದನ್ನು ನಾನು ತೋರಿಸಿದೆ. ನನ್ನ ದುಡಿಮೆ ತಿಂಗಳಿಗೆ 16,900 ಆಗುತ್ತಿದ್ದರೂ 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯಬಹುದಾದ ಗರಿಷ್ಠ ವೇತನ 15,000 ಮಾತ್ರ. ಅದರ ಶೇ. 60 ಅಂದರೆ 9,000, ಅಪಘಾತದ ದಿನ 38 ವರ್ಷ ತುಂಬಿದವನಿಗೆ ಗುಣಾಂಕ 189.56, ಗುಣಿಸಿದರೆ 17 ಲಕ್ಷದ ಮೇಲೆ ಸ್ವಲ್ಪ. ಅದರ ಶೇ. 20, ಅಂದರೆ 3,41,208 ರೂಪಾಯಿ. ಹದಿನಾಲ್ಕು ಎಂದು ಒಪ್ಪಿಕೊಂಡಿದ್ದರೆ ಒಂದು ಲಕ್ಷಕ್ಕಿಂತ ಹೆಚ್ಚು ಅಲ್ಲಿಗೇ ಹೋಗುತ್ತಿತ್ತು.

2024ರ ಮಾರ್ಚಿನಲ್ಲಿ ಮಾರಿಕಾಂಬಾ ಜಾತ್ರೆಗೆ ಮೊದಲು ಮಾಲಕರು ಒಬ್ಬ ಹಿರಿಯರ ಮೂಲಕ ಒಂದು ಲಕ್ಷಕ್ಕೆ ಮುಗಿಸೋಣವೆಂದು ಹೇಳಿಕಳಿಸಿದರು. ಮನೆಯಲ್ಲಿ ಎಲ್ಲರೂ ತೆಗೆದುಕೋ ಎಂದರು, ಎರಡು ರಾತ್ರಿ ನಾನೂ ಯೋಚಿಸಿದೆ. ಬೇಡವೆಂದೆ. ಮೂರು ತಿಂಗಳಲ್ಲಿ ಮುಗಿಸಬೇಕೆಂದು ಕಾಯ್ದೆ ಹೇಳಿದರೂ ಆದೇಶ ಬಂದದ್ದು ಇಪ್ಪತ್ತು ತಿಂಗಳಿಗೆ, 2024ರ ಡಿಸೆಂಬರಿನಲ್ಲಿ. ಧಾರವಾಡದ ಹೈಕೋರ್ಟ್ ಪೀಠಕ್ಕೆ ಮೇಲ್ಮನವಿ ಹಾಕುತ್ತೇವೆಂದು ಅವರು ಹೇಳಿಕೊಂಡು ತಿರುಗಿದರು. ಆದರೆ 30ನೆಯ ಕಲಮಿನಂತೆ ಪೂರ್ತಿ ಮೊತ್ತ ಠೇವಣಿ ಇಟ್ಟ ಪ್ರಮಾಣಪತ್ರ ಇಲ್ಲದೆ ಮಾಲಕರ ಮೇಲ್ಮನವಿ ನಿಲ್ಲುವುದಿಲ್ಲ. ಜನವರಿ ಕೊನೆಗೆ ಠೇವಣಿ ಇಟ್ಟರು, ಇಟ್ಟ ಮೇಲೆ ಮೇಲ್ಮನವಿಯ ಉತ್ಸಾಹ ಇಳಿಯಿತು.

ಶೇ. 12ರ ಬಡ್ಡಿ ಸುಮಾರು 1,29,000 ಬಂತು. ದಂಡವನ್ನೂ ಕೇಳಿದ್ದೆ, ಕೊಡಲಿಲ್ಲ. ಆಸ್ಪತ್ರೆಯ ಖರ್ಚಿನಲ್ಲಿ ನಾನು ಕಟ್ಟಿದ್ದು 28,000ದಷ್ಟು, ಬಿಲ್ಲಿದ್ದ 24,000 ಮಾತ್ರ ಸಿಕ್ಕಿತು. ಮಾಲಕರು ಆಸ್ಪತ್ರೆಗೆ ನೇರವಾಗಿ ಕಟ್ಟಿದ್ದ 18,000ವನ್ನೂ ಕಳೆಯಬೇಕೆಂದು ಕೇಳಿದ್ದರು. ಚಿಕಿತ್ಸೆಗೆ ಕೊಟ್ಟದ್ದು ಪರಿಹಾರವಲ್ಲವೆಂದು ಕಾಯ್ದೆಯಲ್ಲೇ ಇರುವುದರಿಂದ ಅದು ಕಳೆಯಲಿಲ್ಲ, ಬಾಂಡಿನ 15,000 ಮಾತ್ರ ಕಳೆಯಿತು. ಒಟ್ಟು 4,80,000ದ ಆಸುಪಾಸು. ನನ್ನ ಖರ್ಚು, ಮಧ್ಯವರ್ತಿ ತಿಂದದ್ದು ಸೇರಿ, 22,000 ದಾಟಲಿಲ್ಲ. ನನ್ನದು ಹಳೆಯ ಕಾಯ್ದೆಯ ಪ್ರಕರಣ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿರುವುದರಿಂದ ಈಗಿನ ಅಪಘಾತಗಳಿಗೆ ನಾನು ಹೇಳಿದ ಕಲಮುಗಳ ಸಂಖ್ಯೆಯನ್ನು ಹಾಗೆಯೇ ಬರೆದು ಕೊಡಬೇಡಿ.

ಹಣದಲ್ಲಿ ಅರ್ಧವನ್ನು ಮೂರು ವರ್ಷಕ್ಕೆ ಠೇವಣಿ ಇಡಬೇಕೆಂದು ಆದೇಶದಲ್ಲಿತ್ತು, ಇಟ್ಟಿದ್ದೇನೆ. ನನ್ನ ಪರ ಸಾಕ್ಷಿ ಹೇಳಿದ ಹುಡುಗನನ್ನು ಮಾಲಕರು ಮರುವಾರವೇ ಕೆಲಸದಿಂದ ಬಿಡಿಸಿದ್ದರು. ನಾನು ಈಗ ಇರುವ ಮಿಲ್ಲಿನಲ್ಲೇ ಅವನಿಗೂ ಕೆಲಸ ಕೊಡಿಸಿದೆ, ಕೋರ್ಟಿಗೆ ಬಂದ ಮೂರು ದಿನಗಳ ಕೂಲಿಯನ್ನು ನನ್ನ ಕೈಯಿಂದ ಕೊಟ್ಟೆ. ಈ ಮಿಲ್ಲಿನ ಗರಗಸಕ್ಕೆ ಗಾರ್ಡ್ ಇದೆ, ದಪ್ಪ ಮರ ಬಂದಾಗ ಅದನ್ನು ಬಿಚ್ಚುವ ಮಾತು ಇಲ್ಲಿಯೂ ಬರುತ್ತದೆ, ನಾನು ಬಿಚ್ಚಲು ಬಿಡುವುದಿಲ್ಲ.