ಒಡ್ಡಿನ ಏಡಿಗೆ ಬೂಷ್ಟು ರೋಗವೇ? ಎಣಿಸಿ, ನೋಡಿ, ತಿಳಿಸುವ ಕ್ರಮ

ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ನೀರುಣ್ಣುವ ಭತ್ತದ ಹೊಲಗಳ ಒಡ್ಡಿನಲ್ಲಾಗಲಿ, ಕಾಗಿಣಾ, ಬೆಣ್ಣೆತೊರಾ ನದಿಗಳಿಗೆ ಸೇರುವ ಹಳ್ಳಗಳ ದಂಡೆಯಲ್ಲಾಗಲಿ ಏಡಿ ಕಡಿಮೆಯಾಗಿದೆ ಎನಿಸಿದರೆ, ರೋಗ ಬಂದಿದೆ ಎಂದು ಹೇಳುವ ಮೊದಲು ಎಣಿಸಿ ಬರೆದಿಡಬೇಕು. ಬರೆದಿಟ್ಟ ಲೆಕ್ಕವಿಲ್ಲದಿದ್ದರೆ, ಯಾವ ತಜ್ಞರೂ ಇಳಿಕೆಯ ಕಾರಣವನ್ನು ಹಿಡಿಯಲಾರರು.

ಕರಾವಳಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಏಡಿಯ ಮರಿಗಳು ಕಣ್ಣಿಗೆ ಕಾಣುವುದೇ ಕಷ್ಟವೆನಿಸುವಷ್ಟು ಸಣ್ಣ ಲಾರ್ವಾಗಳಾಗಿ ಸಮುದ್ರದಲ್ಲಿ ತೇಲುತ್ತವೆ. ಮರಿ ಸಾಕುವ ಕೇಂದ್ರಗಳಲ್ಲಿ ಲ್ಯಾಜೆನಿಡಿಯಂ, ಹ್ಯಾಲಿಫ್ತೋರಸ್ ಎಂಬ ಬೂಷ್ಟುಗಳು ಈ ಲಾರ್ವಾಗಳನ್ನೇ ಹಿಡಿಯುತ್ತವೆ. ಆದರೂ ಒಂದು ಕಡೆ ಏಡಿ ಬರಿದಾದರೆ ಅಲೆಗಳ ಜೊತೆ ಬೇರೆಡೆಯ ಮರಿ ಬಂದು ಸೇರುವ ಅವಕಾಶ ಅಲ್ಲಿದೆ. ನಮ್ಮ ಸಿಹಿನೀರಿನ ಏಡಿಗೆ ಆ ಭಾಗ್ಯವಿಲ್ಲ. ಅದರ ಮೊಟ್ಟೆಯಿಂದ ನೇರವಾಗಿ ಪುಟ್ಟ ಏಡಿಯೇ ಹೊರಬಂದು ತಾಯಿಯ ಹೊಟ್ಟೆಯ ಕೆಳಗೆ ಕೆಲಕಾಲ ಅಂಟಿಕೊಂಡಿರುತ್ತದೆ. ಒಂದು ಹಳ್ಳ ಬರಿದಾದರೆ ಪಕ್ಕದ ಹಳ್ಳದಿಂದ ಏಡಿ ನಡೆದೇ ಬರಬೇಕು. ಆದ್ದರಿಂದ ಮೊಟ್ಟೆ ಹೊತ್ತ ಹೆಣ್ಣು ಸಿಕ್ಕರೆ, ನೋಡಿದ ಕೂಡಲೇ ಅದೇ ಜಾಗದಲ್ಲಿ ಬಿಡಿ.

ಎಣಿಕೆಗೆ 100 ಮೀಟರ್ ಉದ್ದದ ಒಡ್ಡು ಅಥವಾ ದಂಡೆಯನ್ನು ಗುರುತಿಸಿ, ಜುಲೈನಿಂದ ಅಕ್ಟೋಬರ್‌ವರೆಗೆ ಪ್ರತಿಬಾರಿ ಅದೇ ಜಾಗವನ್ನು ಅದೇ ಹೊತ್ತಿಗೆ ನೋಡಿ. ಬಿಲದ ಬಾಯಿಗೆ ಹಸಿ ರಾಡಿ ಇದ್ದರೆ ಮಾತ್ರ ಅದರಲ್ಲಿ ಏಡಿ ಇದೆಯೆಂದು ಲೆಕ್ಕ ಹಿಡಿಯಿರಿ. ರಾತ್ರಿ ಬ್ಯಾಟರಿ ಹಿಡಿದು ಕಂಡ ಏಡಿಗಳನ್ನು ಪ್ರತ್ಯೇಕವಾಗಿ ಬರೆಯಿರಿ. ಬರಿಯ ಚಿಪ್ಪುಗಳು ಬಿದ್ದಿರುವುದನ್ನು ಕಂಡು ಏಡಿಗಳು ಸತ್ತಿವೆ ಎಂದು ಹಲವರು ಗಾಬರಿಯಾಗುತ್ತಾರೆ. ಬೆನ್ನಿನ ಹಿಂಬದಿ ಬಿರಿದು, ಒಳಗೆ ಮಾಂಸವಾಗಲಿ ವಾಸನೆಯಾಗಲಿ ಇಲ್ಲದಿದ್ದರೆ ಅದು ಏಡಿ ಬೆಳೆಯುವಾಗ ಕಳಚಿದ ಪೊರೆ.

ರೋಗದ ಗುರುತು ನೋಡಲು ಏಡಿಯನ್ನು ಹಿಂಬದಿಯಿಂದ ಹಿಡಿದು, ಬಿಳಿ ತಟ್ಟೆಯಲ್ಲಿ ಅದೇ ಹಳ್ಳದ ತಿಳಿನೀರು ಹಾಕಿ ಮುಳುಗಿಸಿ. ನೀರಿನ ಹೊರಗೆ ಬರಿ ಲೋಳೆಯಂತೆ ಅಂಟಿಕೊಂಡಿರುವ ಬೂಷ್ಟು, ನೀರಿನೊಳಗೆ ಅರಳೆಯ ಎಳೆಗಳಂತೆ ಬಿಚ್ಚಿ ನಿಲ್ಲುತ್ತದೆ. ಕಾಲಿನ ಕೀಲು, ಮುರಿದ ಕಾಲಿನ ಬುಡ ಮತ್ತು ಹೊಟ್ಟೆಯ ಮಡಿಕೆಯ ಒಳಭಾಗವನ್ನು ಮೊದಲು ನೋಡಿ, ಏಕೆಂದರೆ ಬೂಷ್ಟು ಗಾಯದಲ್ಲಿ ಸುಲಭವಾಗಿ ಬೇರೂರುತ್ತದೆ. ಆಗತಾನೆ ಸತ್ತ ಏಡಿಯಾದರೆ ಬೆನ್ನಿನ ಚಿಪ್ಪನ್ನು ಹಿಂದಿನಿಂದ ಎತ್ತಿ ಕಿವಿರನ್ನು ತೊಳೆಯಿರಿ. ಎರೆಮಣ್ಣಿನ ಕೆಸರು ತೊಳೆದರೆ ಹೋಗುತ್ತದೆ. ತೊಳೆದರೂ ಹೋಗದ ಕಪ್ಪು ಕಲೆ ಅನುಮಾನಕ್ಕೆ ಕಾರಣ. ಚಿಪ್ಪಿನ ಮೇಲಿನ ಕಂದು ಗುಳಿಗಳು ಬ್ಯಾಕ್ಟೀರಿಯಾದಿಂದಲೂ ಆಗಬಹುದು, ಹಸಿರು ಲೇಪ ಬರಿಯ ಪಾಚಿ.

ಹೊಲಕ್ಕೆ ಎಣ್ಣೆ (ಕೀಟನಾಶಕ) ಹೊಡೆದ ಮರುದಿನ ಏಡಿ, ಸಿಗಡಿ, ನೀರಹುಳುಗಳು ಒಟ್ಟಿಗೆ ಸತ್ತಿದ್ದರೆ ಅದು ಬೂಷ್ಟಿನ ಕೆಲಸವಲ್ಲ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ನಂತಹ ಔಷಧಿಗಳು ಏಡಿಯ ಕುಲಕ್ಕೆ ಅತಿ ಸಣ್ಣ ಪ್ರಮಾಣದಲ್ಲೂ ಮಾರಕ. ತೊಗರಿ, ಹತ್ತಿ, ಭತ್ತಕ್ಕೆ ಸಿಂಪರಣೆ ಮಾಡಿದ ದಿನವನ್ನು ಎಣಿಕೆಯ ಪಕ್ಕದಲ್ಲೇ ಬರೆದರೆ ಈ ಗೊಂದಲ ಬೇಗ ಬಗೆಹರಿಯುತ್ತದೆ. ಬೂಷ್ಟು ಸಾಮಾನ್ಯವಾಗಿ ಒಂದೊಂದನ್ನೇ ಹಿಡಿದು ನಿಧಾನವಾಗಿ ಹರಡುತ್ತದೆ, ಮತ್ತು ಎಷ್ಟೋ ಸಲ ಮೊದಲೇ ಸೊರಗಿದ ಏಡಿಯನ್ನು ಹಿಡಿಯುತ್ತದೆ. ಹಾಗಾಗಿ ಬೂಷ್ಟು ಕಂಡರೂ, ಏಡಿ ಸೊರಗಲು ಕಾರಣವೇನು ಎಂಬುದನ್ನು ಹುಡುಕುವುದನ್ನು ಬಿಡಬಾರದು.

ಔಷಧಿ ಎಂದು ಮೈಲುತುತ್ತವನ್ನು ಹಳ್ಳಕ್ಕೆ ಸುರಿಯಬೇಡಿ, ಅದರ ತಾಮ್ರವೇ ಏಡಿಗೆ ವಿಷ. ಒಂದು ಕೆರೆಯ ಏಡಿಯನ್ನಾಗಲಿ ನೀರನ್ನಾಗಲಿ ಇನ್ನೊಂದು ಕೆರೆಗೆ ಒಯ್ಯಬೇಡಿ. 19ನೇ ಶತಮಾನದಲ್ಲಿ ಯುರೋಪಿಗೆ ಬಂದ ಅಫನೊಮೈಸಿಸ್ ಅಸ್ಟಾಸಿ ಎಂಬ ಬೂಷ್ಟಿನಂತಹ ಜೀವಿ ಅಲ್ಲಿನ ಕ್ರೇಫಿಶ್‌ಗಳನ್ನು (ಸಿಗಡಿಯನ್ನು ಹೋಲುವ ಸಿಹಿನೀರಿನ ಜೀವಿಗಳನ್ನು) ನದಿನದಿಗಳಲ್ಲಿ ನಾಶಮಾಡಿತು, ಮತ್ತು ಅದು ಕೆಲವು ಸಿಹಿನೀರಿನ ಏಡಿಗಳಿಗೂ ತಗಲಬಲ್ಲದು. ಇಂತಹ ಜೀವಿಗಳ ಬೀಜಕಣಗಳು ಒದ್ದೆ ಬಲೆ, ಒದ್ದೆ ಬೂಟುಗಳಲ್ಲಿ ಪ್ರಯಾಣಿಸುತ್ತವೆ. ಬಲೆಯ ಗಂಟುಗಳ ಒಳಗೂ ಪಸೆ ಉಳಿಯದಂತೆ ಬಿಸಿಲಿಗೆ ಒಣಗಿಸಿದ ಮೇಲೆಯೇ ಮುಂದಿನ ನೀರಿಗೆ ಇಳಿಯಿರಿ.

ಪರೀಕ್ಷೆಗೆ ಕೊಡುವುದಾದರೆ ರೋಗದ ಗುರುತಿರುವ ಜೀವಂತ ಏಡಿ ಉತ್ತಮ; ಫಾರ್ಮಲಿನ್‌ನಲ್ಲಿ ಇಟ್ಟದ್ದರಿಂದ ಬೂಷ್ಟನ್ನು ಬೆಳೆಸಿ ಗುರುತಿಸಲಾಗದು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವ ಡಬ್ಬಿಯಲ್ಲಿಟ್ಟು, ನೆರಳಿನಲ್ಲಿ ಅದೇ ದಿನ ತಲುಪಿಸಿ. ಜಿಲ್ಲೆಯ ಮೀನುಗಾರಿಕೆ ಇಲಾಖೆಯಲ್ಲಿ, ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅಥವಾ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಮೊದಲೇ ವಿಚಾರಿಸಿಕೊಂಡು ಹೋಗಿ. ಡಬ್ಬಿಯ ಜೊತೆ ಜಾಗದ ಹೆಸರು, ದಿನಾಂಕ, ಆ ದಿನದ ಎಣಿಕೆ, ನೀರು ಹರಿಯುತ್ತಿತ್ತೇ ನಿಂತಿತ್ತೇ ಎಂಬುದು ಮತ್ತು ಕೊನೆಯ ಸಿಂಪರಣೆಯ ವಿವರ ಇರುವ ಚೀಟಿಯನ್ನು ತಪ್ಪದೆ ಇಡಿ.