ಛೇದವನ್ನು ಹುಡುಕಿಕೊಂಡು ಹೋದದ್ದು

ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಪದವಿಗೆ ಸಾರ್ವಜನಿಕ ಆರೋಗ್ಯವನ್ನು ಆರಿಸಿಕೊಂಡಾಗ, ರೋಗಗಳ ವಿಷಯವನ್ನೇ ಹೆಚ್ಚಾಗಿ ಓದಬೇಕಾದೀತು ಎಂದುಕೊಂಡಿದ್ದೆ. ಆರೋಗ್ಯ ನೀತಿ, ಪರಿಸರ ಆರೋಗ್ಯ, ಪೌಷ್ಟಿಕತೆಯ ಪತ್ರಿಕೆಗಳು ಗಮನವಿಟ್ಟು ಓದುವವರಿಗೆ ಕಷ್ಟವೇನಲ್ಲ. ನನ್ನನ್ನು ನಿಜವಾಗಿ ತಿದ್ದಿದ್ದು ರೋಗ ಯಾರಲ್ಲಿ, ಎಷ್ಟು, ಏಕೆ ಹರಡುತ್ತದೆ ಎಂಬುದನ್ನು ಅಧ್ಯಯನ ಮಾಡುವ ಎಪಿಡೆಮಿಯಾಲಜಿ, ಅದರಲ್ಲೂ ಭಿನ್ನರಾಶಿಯ ಗೆರೆಯ ಕೆಳಗಿರುವ ಛೇದ, ಅಂದರೆ ಒಟ್ಟು ಎಷ್ಟು ಮಂದಿಯಲ್ಲಿ ಎಂಬ ಸಂಖ್ಯೆ.

ಎರಡನೆಯ ವರ್ಷದ ಕ್ಷೇತ್ರಕಾರ್ಯದಲ್ಲಿ ಆರೋಗ್ಯ ಕೇಂದ್ರವೊಂದರ ರಿಜಿಸ್ಟರ್ ಮುಂದಿಟ್ಟುಕೊಂಡು, ವಾಂತಿಭೇದಿಗೆ ಚಿಕಿತ್ಸೆ ಪಡೆದ ಮಕ್ಕಳನ್ನು ಬಡಾವಣೆವಾರು ಎಣಿಸಿದೆ. ಒಂದು ಬಡಾವಣೆಯ ಸಂಖ್ಯೆ ಇನ್ನೊಂದರ ಎರಡರಷ್ಟಿದ್ದುದರಿಂದ, ಅಲ್ಲಿನ ನೀರು ಕೆಟ್ಟಿದೆಯೆಂದು ವರದಿ ಬರೆದೆ. ಅದನ್ನು ಓದಿದ ಪ್ರಾಧ್ಯಾಪಕರು, “ಅಲ್ಲಿ ಐದು ವರ್ಷದೊಳಗಿನ ಮಕ್ಕಳು ಒಟ್ಟು ಎಷ್ಟಿದ್ದಾರಮ್ಮ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಅದೇ ವಾರ, ಕಾಲರಾ ನೀರಿನಿಂದ ಹರಡುತ್ತದೆಂದು ತೋರಿಸಿದ ಲಂಡನ್ನಿನ ವೈದ್ಯ ಜಾನ್ ಸ್ನೋ ಅವರ ಕೋಷ್ಟಕವನ್ನು ಮತ್ತೆ ತೆರೆದೆ. 1854ರ ಲಂಡನ್ ಕಾಲರಾ ಎಂದೊಡನೆ ಈ ವಿಷಯ ಓದಿದ ಎಲ್ಲರಿಗೂ, ಸ್ನೋ ರೋಗದ ಮೂಲವೆಂದು ಗುರುತಿಸಿದ ಬ್ರಾಡ್ ಸ್ಟ್ರೀಟಿನ ನೀರಿನ ಪಂಪು ನೆನಪಾಗುತ್ತದೆ. ಅದಕ್ಕಿಂತ ಗಟ್ಟಿಯಾದ ಪುರಾವೆ ಅವರು ಮಾಡಿದ ಎರಡು ನೀರಿನ ಕಂಪನಿಗಳ ಹೋಲಿಕೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಸೌತ್‌ವಾರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿ ಥೇಮ್ಸ್ ನದಿಗೆ ಕೊಳಚೆ ಸೇರುವ ಕಡೆಯಿಂದಲೇ ನೀರೆತ್ತುತ್ತಿತ್ತು, ಲ್ಯಾಂಬೆತ್ ಕಂಪನಿ 1852ರಲ್ಲಿ ನದಿಯ ಮೇಲ್ಭಾಗಕ್ಕೆ ಹೋಗಿತ್ತು. ಅನೇಕ ಬೀದಿಗಳಲ್ಲಿ ಎರಡೂ ಕೊಳವೆಗಳು ಹಾದುಹೋಗಿದ್ದರಿಂದ ಅಕ್ಕಪಕ್ಕದ ಮನೆಗಳವರೇ ಬೇರೆ ಬೇರೆ ನೀರು ಕುಡಿಯುತ್ತಿದ್ದರು. ಸ್ನೋ ಸತ್ತವರನ್ನಷ್ಟೇ ಎಣಿಸಲಿಲ್ಲ. ಮೊದಲ ಕಂಪನಿಯ 40,046 ಮನೆಗಳಲ್ಲಿ 1,263 ಸಾವು, ಎರಡನೆಯದರ 26,107 ಮನೆಗಳಲ್ಲಿ 98 ಸಾವು ಎಂದು ಬರೆದು, ಹತ್ತು ಸಾವಿರ ಮನೆಗಳಿಗೆ 315 ಮತ್ತು 37 ಎಂಬ ದರಗಳನ್ನು ತೆಗೆದರು. ಆ ಭಾಗಾಕಾರವನ್ನು ಕೈಯಲ್ಲೇ ಮಾಡಿ ನೋಡಿದ ಮೇಲೆ ನನ್ನ ವರದಿಯಲ್ಲಿ ಏನಿಲ್ಲವೆಂಬುದು ನನಗೆ ಅರ್ಥವಾಯಿತು.

ಮುಂದೆ ಯಾವ ಲೆಕ್ಕಕ್ಕೂ ಮೊದಲು, ಯಾರಲ್ಲಿ ಎಷ್ಟು ಮಂದಿಗೆ, ಯಾವ ಅವಧಿಯಲ್ಲಿ ಎಂಬುದನ್ನು ಒಂದು ಪೂರ್ಣ ವಾಕ್ಯದಲ್ಲಿ ಬರೆದುಕೊಳ್ಳುವ ಅಭ್ಯಾಸ ಮಾಡಿಕೊಂಡೆ. ಈ ವಿಷಯ ಓದುವವರಿಗೆ ನಾನು ಮೊದಲು ಹೇಳುವುದೂ ಇದನ್ನೇ. ಸಾಫ್ಟ್‌ವೇರ್ ಕಲಿಯುವುದು ಆಮೇಲಿನ ಮಾತು.

ನಂತರ ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿದೆವು. ಸಾಬೂನಿನಿಂದ ಕೈ ತೊಳೆಯುತ್ತೀರಾ ಎಂಬ ಪ್ರಶ್ನೆಗೆ ಹೆಚ್ಚುಕಡಿಮೆ ಎಲ್ಲರೂ ಹೌದೆಂದರು. ಒಂದು ಮನೆಯಲ್ಲಿ ತೊಟ್ಟಿಯ ಅಂಚಿನ ಮೇಲಿದ್ದ ಸಾಬೂನು ಒಣಗಿ ಬಿರುಕುಬಿಟ್ಟಿತ್ತು, ಮೇಲೆ ತೆಳುವಾಗಿ ಧೂಳು ಕೂತಿತ್ತು. ನೀರು ಎರಡು ಬೀದಿ ಆಚೆಯಿಂದ ಹೊತ್ತು ತರಬೇಕಾಗಿತ್ತು. ಆ ತಾಯಿ ಸುಳ್ಳು ಹೇಳಿದಳೆಂದು ನಾನು ಭಾವಿಸಲಾರೆ. ಕೇಳಬೇಕಾದ ಪ್ರಶ್ನೆಯನ್ನು ನಾವೇ ಕೇಳಿರಲಿಲ್ಲ. ಪ್ರಶ್ನಾವಳಿಯಲ್ಲಿ ನೀರಿನ ದೂರಕ್ಕೂ ಸಾಬೂನನ್ನು ಕಣ್ಣಾರೆ ನೋಡಿ ದಾಖಲಿಸುವುದಕ್ಕೂ ಜಾಗ ಮಾಡಿದೆವು.

ಬೀಗ ಹಾಕಿದ್ದ ಮನೆಗಳನ್ನು ಮೊದಲು ಬಿಟ್ಟುಬಿಟ್ಟಿದ್ದೆವು. ಹಗಲೆಲ್ಲ ದುಡಿಯಲು ಹೋಗುವವರ ಮನೆಗಳು ಅವು. ಅವರ ಮಕ್ಕಳು ಆರೋಗ್ಯ ಕೇಂದ್ರದ ರಿಜಿಸ್ಟರಿನಲ್ಲಿಯೂ ಹೆಚ್ಚಾಗಿ ಇರಲಿಲ್ಲ. ಸಂಜೆ ಆರರ ನಂತರ ಮತ್ತೆ ಹೋಗಿ ಆ ಬಾಗಿಲುಗಳನ್ನು ತಟ್ಟಿದೆವು, ಕೋಷ್ಟಕವನ್ನು ಮೊದಲಿನಿಂದ ಬರೆದೆವು.